ಆನ್‌ಲೈನ್‌ನಲ್ಲಿ ಹಳೇ ಗಾಡಿ ಕೊಳ್ಳುವುದು ಹೇಗೆ? ಮೊದಲು ಆರ್‌ಸಿ, ಆಮೇಲೆ ಬಣ್ಣ

ಮೊದಲೆಲ್ಲ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬೇಕೆಂದರೆ ಏರಿಯಾದ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿಟ್ಟರೆ ಸಾಕಿತ್ತು. ಗಾಡಿ ಯಾರದ್ದು, ಎಲ್ಲಿ ಬಿದ್ದಿತ್ತು, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಈಗ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ತೆರೆದರೆ ಕೂತಲ್ಲೇ ಐವತ್ತು ಗಾಡಿ ನೋಡಬಹುದು, ಆದರೆ ಒಂದಕ್ಕೂ ಜವಾಬು ಹೇಳುವವರಿಲ್ಲ. ನನ್ನ ಅಕ್ಕನ ಮಗ ಪೂರ್ತಿ ದುಡ್ಡು ಕೊಟ್ಟು ಗಾಡಿ ಮನೆಗೆ ತಂದ ಮೇಲೆ ಆರ್‌ಸಿ ತೆಗೆದು ನೋಡಿದ, ಅದರಲ್ಲಿ ಬೇರೆ ಯಾರದೋ ಹೆಸರು. ಅಷ್ಟರಲ್ಲಿ ಮಾರಿದವನ ಫೋನ್ ಸ್ವಿಚ್ ಆಫ್.

ಮೊದಲು ರೇಟು. ಒಂದೇ ಮಾಡೆಲ್, ಒಂದೇ ವರ್ಷದ ಹತ್ತು ಜಾಹೀರಾತು ನೋಡಿ, ಅಂದಾಜು ಸಿಗುತ್ತದೆ. ತೀರಾ ಅಗ್ಗಕ್ಕಿದ್ದರೆ ಬಿಟ್ಟುಬಿಡಿ. ‘ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಗಾಡಿ ಪಾರ್ಸೆಲ್ ಕಳಿಸ್ತೀನಿ, ಟೋಕನ್ ಹಾಕಿ’ ಅಂದರೆ ಫೋನ್ ಇಟ್ಟುಬಿಡಿ. ಗಾಡಿ ಕಣ್ಣಾರೆ ನೋಡುವ ತನಕ ಒಂದು ರೂಪಾಯಿಯೂ ಕೊಡಬೇಡಿ. ಆಗಲೇ ಹಾಕಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡನೆಯದು ಕಾಗದಪತ್ರ. ಎಲ್ಲರೂ ಎಡವುವುದು ಇಲ್ಲೇ.

ಮನೆಯಿಂದ ಹೊರಡುವ ಮುಂಚೆಯೇ ಗಾಡಿ ನಂಬರ್ ಕೇಳಿ. ಕೊಡಲ್ಲ ಅಂದರೆ ಹೋಗಲೇಬೇಡಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ನೋಂದಣಿ ದಿನಾಂಕ, ವಿಮೆ ಯಾವತ್ತಿನವರೆಗೆ, ಸಾಲದ ಮೇಲೆ ಇದೆಯಾ ಎನ್ನುವುದು ಕಾಣುತ್ತದೆ. ಸಾಲ ಇದ್ದರೆ ‘ತೀರಿಸಿದ್ದೀನಿ ಸಾರ್’ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಸಹಿ ಹಾಕಿದ ಫಾರಂ 35 ಬೇಕು, ಇಲ್ಲದಿದ್ದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುವುದಿಲ್ಲ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತಲೂ ನೋಡಿ, ಅದು ಗಾಡಿಯ ಜೊತೆಗೇ ನಿಮ್ಮ ಮನೆಗೆ ಬರುತ್ತದೆ. ಬೇರೆ ರಾಜ್ಯದ ನಂಬರ್ ಇರುವ ಗಾಡಿ ನನ್ನ ಪ್ರಕಾರ ಬೇಡವೇ ಬೇಡ. ಅಲ್ಲಿನ ಆರ್‌ಟಿಒ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಉಳಿಸಿದ ದುಡ್ಡೆಲ್ಲ ಅಲ್ಲೇ ಕರಗುತ್ತದೆ.

ಹೋದ ಮೇಲೆ ಒರಿಜಿನಲ್ ಆರ್‌ಸಿ ಕೈಗೆ ತೆಗೆದುಕೊಳ್ಳಿ, ಮೊಬೈಲ್ ಫೋಟೊ ನಡೆಯಲ್ಲ. ಅದರಲ್ಲಿರುವ ಹೆಸರು, ಎದುರಿಗೆ ನಿಂತವರ ಆಧಾರ್‌ನಲ್ಲಿರುವ ಹೆಸರು ಒಂದೇ ಇರಬೇಕು. ‘ನಮ್ಮ ಭಾವನ ಗಾಡಿ’ ಅಂದರೆ ಭಾವನನ್ನೇ ಕರೆಸಿ. ಗಾಡಿಯ ಫ್ರೇಮ್ ಮೇಲೆ ಕೊರೆದಿರುವ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಹಾಕಿ, ಒಂದೊಂದೇ ಅಕ್ಷರ ಆರ್‌ಸಿ ಜೊತೆ ಹೋಲಿಸಿ. ಇಂಜಿನ್ ನಂಬರನ್ನೂ ಹಾಗೇ ನೋಡಿ. ಉಜ್ಜಿದ ಗುರುತು ಇದ್ದರೆ ಅಲ್ಲಿಂದ ಎದ್ದು ಬನ್ನಿ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗ. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ಒಬ್ಬ ಮೆಕ್ಯಾನಿಕ್‌ನ ಅರ್ಧ ದಿನದ ಕೂಲಿ ಕೊಟ್ಟಾದರೂ ಕರೆದುಕೊಂಡು ಹೋಗಿ. ಹೊಳೆಯುವ ಪಾಲಿಶ್, ಹೊಸ ಸೀಟ್ ಕವರ್ ನೋಡಿ ಮಾರುಹೋಗಬೇಡಿ, ಆ ಅಗ್ಗದ ಪಾಲಿಶ್ ಎರಡು ಮಳೆಗೆ ತೊಳೆದುಹೋಗುತ್ತದೆ. ಸೈಲೆನ್ಸರ್ ಬದಲಾಯಿಸಿದ ಗಾಡಿ ನಾನಂತೂ ಮುಟ್ಟುವುದಿಲ್ಲ.

ಚೌಕಾಸಿ ಫೋನಲ್ಲಿ ಬೇಡ, ಗಾಡಿ ಪಕ್ಕದಲ್ಲಿ ನಿಂತು ಸವೆದ ಟಯರ್ ತೋರಿಸಿ ಮಾಡಿ.

ಕೊನೆಗೆ ದುಡ್ಡು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವರ ಸಹಿ ಬೀಳುವ ತನಕ ಪೂರ್ತಿ ಹಣ ಕೊಡಬೇಡಿ. ಸ್ವಲ್ಪ ಉಳಿಸಿಕೊಂಡು, ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಕೊಡುವುದಾಗಿ ಬರೆದುಕೊಳ್ಳಿ. ‘ಆಮೇಲೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಿ’ ಎನ್ನುವ ಶಾರ್ಟ್‌ಕಟ್ ಮಾರುವವರಿಗೂ ಅಪಾಯವೇ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಇದನ್ನು ಅವರಿಗೆ ಹೇಳಿ, ತಾವೇ ಆರ್‌ಟಿಒ ಕೆಲಸಕ್ಕೆ ಓಡಾಡುತ್ತಾರೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಸಿಗುವುದಿಲ್ಲ, ಹಾಗಾಗಿ ಆ ವ್ಯತ್ಯಾಸದ ದುಡ್ಡನ್ನು ಚೌಕಾಸಿ ಮಾಡುವಾಗಲೇ ಲೆಕ್ಕಕ್ಕೆ ಹಿಡಿದಿರಿ.