ಇಂಗ್ಲೆಂಡಿನಲ್ಲಿ ರೂಮು ಹೋದರೆ ಯಾರ ಬಾಗಿಲು ತಟ್ಟಬೇಕು?

ತುಮಕೂರಿನವರಿಗೆ ಒಂದು ಧೈರ್ಯ ಇರುತ್ತದೆ. ಎಲ್ಲೂ ಗತಿ ಇಲ್ಲ ಅಂದರೆ ಸಿದ್ಧಗಂಗೆಗೆ ಹೋಗಿ ಪಂಕ್ತಿಯಲ್ಲಿ ಕೂತರಾಯಿತು. ಆ ಧೈರ್ಯದಲ್ಲೇ ಇಲ್ಲಿಗೆ ಬಂದವನು ನಾನು. ಈ ಸಲ ಶಿರಾ ಕಡೆಯ ಇಬ್ಬರು ಹುಡುಗರು ನನ್ನದೇ ತಪ್ಪು ಮಾಡಿದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನಿದ್ದದ್ದು ಓನರ್ ವಾಸವಿದ್ದ ಮನೆಯ ಒಂದು ರೂಮಿನಲ್ಲಿ. ಇಂಥವರನ್ನು ಇಲ್ಲಿ ಲಾಡ್ಜರ್ ಅನ್ನುತ್ತಾರೆ. ಬಾಡಿಗೆದಾರರ ಡೆಪಾಸಿಟ್ಟನ್ನು ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಲೇಬೇಕು. ಲಾಡ್ಜರಿಗೆ ಆ ರಕ್ಷಣೆ ಇಲ್ಲ, ಖಾಲಿ ಮಾಡಿಸೋಕೆ ಕೋರ್ಟ್ ಆರ್ಡರೂ ಬೇಡ. ಜಗಳ ಆಯಿತು. ರೂಮೂ ಹೋಯಿತು, ಡೆಪಾಸಿಟ್ಟೂ ಹೋಯಿತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸೀದಾ ಕೌನ್ಸಿಲ್ ಆಫೀಸಿಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಕಚೇರಿಗೆ ಹೋದೆ. ಎರಡು ದಿನ ಕ್ಯೂ. ಮನೆ ಇಲ್ಲದವರಿಗೆ ಕೌನ್ಸಿಲ್ ಸಹಾಯ ಮಾಡಬೇಕು ಅನ್ನುವ ಕಾನೂನು ಇರುವುದು ನಿಜ. ಆದರೆ ಸ್ಟೂಡೆಂಟ್, ವರ್ಕ್ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಅನ್ನುವ ಷರತ್ತು ಇರುತ್ತದೆ, ಅಂದರೆ ಕೆಲವು ಸರ್ಕಾರಿ ನೆರವು ಪಡೆಯುವ ಹಾಗಿಲ್ಲ. ಕೌನ್ಸಿಲ್ ಮನೆ, ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ಕೊಡುವ ಸರ್ಕಾರಿ ದುಡ್ಡು) ಎಲ್ಲ ಆ ಪಬ್ಲಿಕ್ ಫಂಡ್ಸ್ ಒಳಗೇ ಬರುತ್ತವೆ. ಸಿಗುವುದಿಲ್ಲ ಅನ್ನುವುದಷ್ಟೇ ಅಲ್ಲ, ಗೊತ್ತಿಲ್ಲದೆ ತಗೊಂಡರೂ ವೀಸಾ ಷರತ್ತು ಮುರಿದ ಹಾಗೆ. ಮುಂದಿನ ಅರ್ಜಿಗೆ ಕುತ್ತು. ಆದ್ದರಿಂದ ಸುಮ್ನೆ ಫಾರಂ ತುಂಬಬೇಡಿ, ಮೊದಲು ಸಲಹೆ ಕೇಳಿ. ಮಕ್ಕಳಿರುವವರ ದಾರಿ ಮಾತ್ರ ಬೇರೆ: ಕೌನ್ಸಿಲ್ಲಿನ ಸೋಶಿಯಲ್ ಸರ್ವಿಸಸ್ ವಿಭಾಗ ಕೊಡುವ ಸಹಾಯ ಈ ಲೆಕ್ಕಕ್ಕೆ ಬರುವುದಿಲ್ಲ.

ಚಾರಿಟಿಗಳ, ಅಂದರೆ ಸೇವಾ ಸಂಸ್ಥೆಗಳ ಸಹಾಯವೂ ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಬರುವುದಿಲ್ಲ. ಇದೊಂದು ಮಾತು ಗೊತ್ತಿದ್ದಿದ್ದರೆ ಆ ಎರಡು ದಿನ ಉಳಿಯುತ್ತಿತ್ತು. ಶೆಲ್ಟರ್ 1966ರಿಂದ ಇರುವ ಸಂಸ್ಥೆ. ಹೆಸರು ನೋಡಿ ಹಾಸಿಗೆ ಸಿಗುತ್ತದೆ ಅಂದುಕೊಳ್ಳಬೇಡಿ, ಮುಖ್ಯವಾಗಿ ಸಿಗುವುದು ಪುಕ್ಕಟೆ ಕಾನೂನು ಸಲಹೆ. ಹಾಸಿಗೆ ಕೊಡುವ ಹಾಸ್ಟೆಲ್‌ಗಳಲ್ಲಿ ಬಹಳಷ್ಟು ಹೌಸಿಂಗ್ ಬೆನಿಫಿಟ್ ದುಡ್ಡಲ್ಲೇ ನಡೆಯುತ್ತವೆ. ಹಾಗಾಗಿ ನಮ್ಮಂಥ ವೀಸಾದವರನ್ನು ಸೇರಿಸಿಕೊಳ್ಳುತ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬೀದಿಯಲ್ಲೇ ಮಲಗುವ ಗತಿ ಬಂದರೆ ಸ್ಟ್ರೀಟ್‌ಲಿಂಕ್ ಅನ್ನುವ ವೆಬ್‌ಸೈಟಿನಲ್ಲಿ ಜಾಗ ತಿಳಿಸಿದರೆ, ಬೀದಿಯಲ್ಲಿ ಮಲಗುವವರಿಗೆ ನೆರವಾಗುವ ಆ ಏರಿಯಾದ ತಂಡಕ್ಕೆ ಸುದ್ದಿ ಹೋಗುತ್ತದೆ.

ಊಟದ ವಿಷಯದಲ್ಲಂತೂ ನಮ್ಮೂರೇ ಮೇಲು. ಇಲ್ಲಿ ಪುಕ್ಕಟೆ ದಿನಸಿ ಕೊಡುವ ಎಷ್ಟೋ ಫುಡ್ ಬ್ಯಾಂಕಿಗೆ ವೋಚರ್ ಬೇಕು, ಅದನ್ನು ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯವರೋ ಡಾಕ್ಟರೋ ಕೊಡಬೇಕು. ಹಸಿವಿಗೂ ಚೀಟಿ! ಗುರುದ್ವಾರದ ಲಂಗರ್‌ನಲ್ಲಿ ಮಾತ್ರ ಏನೂ ಕೇಳುವುದಿಲ್ಲ. ಆ ವಾರವೆಲ್ಲ ಲಂಡನ್ನಿನ ಸೌತಾಲ್‌ನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಉಂಡೆ. ಮುದ್ದೆ ಇಲ್ಲ, ದಾಲ್ ರೋಟಿ. ಸಾಕು ಅಂತ ಕೈ ಅಡ್ಡ ಹಿಡಿದರೂ ಇನ್ನೊಂದು ರೋಟಿ ಹಾಕಿಯೇ ಹೋದರು.