ಓಡುತ್ತಿರುವ ಲಿನಕ್ಸ್ ಕರ್ನಲ್‌ಗೆ ಡ್ರೈವರ್ ಸೇರಿಸುವುದು

ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಮಾಡ್ಯೂಲ್ ರೂಪದಲ್ಲಿದ್ದರೆ, ಅಂದರೆ ಬೇಕಾದಾಗ ಸೇರಿಸಿ ತೆಗೆಯಬಹುದಾದ ಪ್ರತ್ಯೇಕ ಕಡತವಾಗಿದ್ದರೆ, ಅದನ್ನು ಸೇರಿಸಲು ರೀಬೂಟ್ ಬೇಕಿಲ್ಲ. ಆದರೆ ಮಾಡ್ಯೂಲ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗೇ ಓಡುತ್ತದೆ. ಅದು ಎಡವಿದರೆ ಇಡೀ ಯಂತ್ರ ನಿಂತುಹೋಗಬಹುದು. ಹಾಗಾಗಿ ಮೊದಲು ಆವೃತ್ತಿ ನೋಡಿ.

'ಯುನೇಮ್ -ಆರ್' ಆದೇಶ ತೋರಿಸುವ ಕರ್ನಲ್ ಆವೃತ್ತಿಯೂ 'ಮಾಡ್‌ಇನ್ಫೋ' ಕೊಡುವ, ಮಾಡ್ಯೂಲ್ ಯಾವ ಕರ್ನಲ್‌ಗಾಗಿ ಕಟ್ಟಿದ್ದೆಂದು ಹೇಳುವ 'ವರ್‌ಮ್ಯಾಜಿಕ್' ಸಾಲೂ ಹೊಂದಬೇಕು. ಹೊಂದದಿದ್ದರೆ 'ಇನ್ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂಬ ದೋಷ ಬರುತ್ತದೆ. ಆಗ ಹೊಂದಾಣಿಕೆ ನೋಡದೆ ಬಲವಂತವಾಗಿ ಲೋಡ್ ಮಾಡುವ 'ಫೋರ್ಸ್' ಆಯ್ಕೆಗೆ ಕೈಹಾಕಲೇಬೇಡಿ. ಆವೃತ್ತಿ ಬದಲಾದಾಗ ಕರ್ನಲ್‌ನ ಒಳರಚನೆಗಳೂ ಬದಲಾಗಿರಬಹುದು, ಡ್ರೈವರ್ ತಪ್ಪು ಜಾಗದಲ್ಲಿ ಬರೆದು ಮೆಮೊರಿ ಕೆಡಿಸಬಹುದು. ಈಗಿನ ಕರ್ನಲ್‌ನ ಹೆಡರ್‌ಗಳನ್ನು (ಒಳರಚನೆಗಳ ವಿವರವಿರುವ ಕಡತಗಳನ್ನು) ಹಾಕಿಕೊಂಡು ಮರಳಿ ಕಂಪೈಲ್ ಮಾಡುವುದೇ ಸರಿ.

ಲೋಡ್ ಮಾಡಲು 'ಇನ್ಸ್‌ಮಾಡ್' ಬದಲು 'ಮಾಡ್‌ಪ್ರೋಬ್' ಬಳಸಿ. ಇನ್ಸ್‌ಮಾಡ್ ಕೊಟ್ಟ ಕಡತವೊಂದನ್ನೇ ಒಳಗೆ ತಳ್ಳುತ್ತದೆ. ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್‌ನ 'ಸಿಡಿಸಿ_ಈಥರ್' ನೋಡಿ: ಅದಕ್ಕೆ 'ಯುಎಸ್‌ಬಿನೆಟ್' ಮಾಡ್ಯೂಲ್ ಬೇಕು. ಅದಿಲ್ಲದೆ ಇನ್ಸ್‌ಮಾಡ್ ಕೊಟ್ಟರೆ 'ಅನ್‌ನೋನ್ ಸಿಂಬಲ್' ಎಂದಷ್ಟೇ ಹೇಳಿ ನಿಲ್ಲುತ್ತದೆ. ಯಾವ ಸಿಂಬಲ್ (ಬೇರೆ ಮಾಡ್ಯೂಲ್‌ನಿಂದ ಬೇಕಾದ ಫಂಕ್ಷನ್ ಮೊದಲಾದವುಗಳ ಹೆಸರು) ಎಂಬುದು ಟರ್ಮಿನಲ್‌ನಲ್ಲಿ ಸಿಗುವುದಿಲ್ಲ, ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಮೆಸ್ಗ್'ನ ಕೊನೆಯ ಸಾಲುಗಳಲ್ಲಿ ಸಿಗುತ್ತದೆ. ಯಾವ ದೋಷ ಬಂದರೂ ಮೊದಲು ಅಲ್ಲಿಗೇ ಹೋಗಿ.

ಮಾಡ್‌ಪ್ರೋಬ್ ಈ ಅವಲಂಬನೆಗಳನ್ನು 'ಮಾಡ್ಯೂಲ್ಸ್.ಡೆಪ್' ಪಟ್ಟಿಯಿಂದ ಓದಿ ಬೇಕಾದದ್ದನ್ನು ಮೊದಲೇ ಲೋಡ್ ಮಾಡುತ್ತದೆ. ನೀವೇ ಕಟ್ಟಿದ ಕಡತವನ್ನು 'ಲಿಬ್/ಮಾಡ್ಯೂಲ್ಸ್' ಅಡಿಯಲ್ಲಿ, ಈಗ ಓಡುತ್ತಿರುವ ಆವೃತ್ತಿಯ ಫೋಲ್ಡರ್‌ನಲ್ಲಿಟ್ಟು ಆ ಪಟ್ಟಿಯನ್ನು ಹೊಸದಾಗಿ ಮಾಡುವ 'ಡೆಪ್‌ಮಾಡ್ -ಎ' ಓಡಿಸಿ. ಇದನ್ನು ಮರೆತರೆ ಕಡತ ಕಣ್ಣೆದುರೇ ಇದ್ದರೂ ಮಾಡ್‌ಪ್ರೋಬ್‌ಗೆ ಕಾಣುವುದಿಲ್ಲ.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿರುವ ತಂತ್ರಾಂಶದಿಂದಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಇರುವಲ್ಲಿ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಸ್ವಂತ ಕೀಲಿಯಿಂದ ಸಹಿ ಹಾಕಿ, 'ಮೊಕ್‌ಯುಟಿಲ್' ಮೂಲಕ ಕೀಲಿ ನೋಂದಾಯಿಸಿ. ಇದಕ್ಕೆ ಮಾತ್ರ ಒಂದು ರೀಬೂಟ್ ಬೇಕು.

ತೆಗೆಯುವಾಗ 'ಮಾಡ್‌ಪ್ರೋಬ್ -ಆರ್'. 'ಇನ್ ಯೂಸ್' ಎಂಬ ದೋಷ ಬಂದರೆ 'ಎಲ್‌ಎಸ್‌ಮಾಡ್'ನ ಮೂರನೇ ಕಾಲಮ್ ನೋಡಿ. ಅಲ್ಲಿನ ಸಂಖ್ಯೆ ಸೊನ್ನೆಗೆ ಇಳಿಯಬೇಕು. ಡಿಸ್ಕಿನ ಡ್ರೈವರ್ ಆದರೆ ಮೊದಲು ಅನ್‌ಮೌಂಟ್ ಮಾಡಿ.

ಪ್ರತಿ ಬೂಟ್‌ನಲ್ಲೂ ಲೋಡ್ ಆಗಬೇಕಾದರೆ 'ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ' ಒಳಗೆ '.ಕಾನ್ಫ್' ಕಡತ ಮಾಡಿ, ಸಾಲಿಗೊಂದರಂತೆ ಹೆಸರು ಬರೆಯಿರಿ. ತಡೆಯಲು 'ಮಾಡ್‌ಪ್ರೋಬ್.ಡಿ'ಯಲ್ಲಿ 'ಬ್ಲ್ಯಾಕ್‌ಲಿಸ್ಟ್' ಬರೆಯುವವರು ಒಂದು ಗಮನಿಸಬೇಕು: ಸಾಧನ ಕಂಡಾಗ ತಾನಾಗಿ ಲೋಡ್ ಆಗುವುದನ್ನಷ್ಟೇ ಅದು ತಡೆಯುತ್ತದೆ, ಇನ್ನೊಂದು ಮಾಡ್ಯೂಲ್ ಬೇಕೆಂದು ಎಳೆದರೆ ಬಂದೇ ಬರುತ್ತದೆ. ಆ ದಾರಿಯನ್ನೂ ಮುಚ್ಚಲು 'ಇನ್‌ಸ್ಟಾಲ್' ಸಾಲಿನಲ್ಲಿ ಮಾಡ್ಯೂಲ್ ಹೆಸರಿನ ನಂತರ '/ಬಿನ್/ಫಾಲ್ಸ್' ಬರೆದು, ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬಳಸುವ ಚಿಕ್ಕ ಕಡತವ್ಯವಸ್ಥೆ) ಅನ್ನು ಹೊಸದಾಗಿ ಕಟ್ಟಿ.