ಬಂಡೆ, ಮುರಿದ ಮರ, ಒಬ್ಬ ಸಿಪಾಯಿ: ರೋಸಾ ಬಗೆಯ ಶಾಯಿಚಿತ್ರ

ಇಟಲಿಯ ನೇಪಲ್ಸ್ ಬಳಿ ಹುಟ್ಟಿದ ಸಾಲ್ವತೋರ್ ರೋಸಾ (1615–1673) ಒರಟು ಬಂಡೆಗಳ ನಡುವೆ ಸಿಪಾಯಿಗಳನ್ನೂ ಸನ್ಯಾಸಿಗಳನ್ನೂ ನಿಲ್ಲಿಸಿ ಚಿತ್ರಿಸಿದವನು. 1662ರಲ್ಲಿ ತೆರ್ನಿಯ ಜಲಪಾತ ನೋಡಿ, ಅದರ ಭೀಕರ ಚೆಲುವನ್ನು ಗೆಳೆಯನಿಗೆ ಪತ್ರ ಬರೆದು ಬಣ್ಣಿಸಿದ. ಆ ಬಗೆಯ ಚಿತ್ರದಲ್ಲಿ ಅರ್ಧ ಕೆಲಸ ಶಾಯಿಯದೇ.

ಶಾಯಿ: ಅಂದಿನ ಯುರೋಪಿನ ಶಾಯಿಗೆ ಬೇಕಿದ್ದ ಓಕ್ ಮರದ ಗಂಟು (ಕೀಟ ಮೊಟ್ಟೆಯಿಟ್ಟಲ್ಲಿ ಕಾಯಿಯಂತೆ ಬೆಳೆಯುವ ಉಬ್ಬು) ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಮಾಚಿಕಾಯಿ ಎಂದು ಸಿಗುತ್ತದೆ. 30 ಗ್ರಾಂ ಜಜ್ಜಿ, 300 ಮಿ.ಲೀ. ನೀರಿನಲ್ಲಿ ಮೂರು ದಿನ ನೆನೆಸಿ ಸೋಸಿ. ಅದಕ್ಕೆ 15 ಗ್ರಾಂ ಹಸಿರು ಹರಳಿನ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 10 ಗ್ರಾಂ ಗೋಂದು ಕರಗಿಸಿ. ಮಾಚಿಕಾಯಿ ಸಿಗದಿದ್ದರೆ ಅಳಲೆಕಾಯಿಯೂ ಆದೀತು. ಅನ್ನಭೇದಿ ಮಿತಿಮೀರಿದರೆ ವರ್ಷಗಳು ಕಳೆದಂತೆ ಶಾಯಿ ಕಾಗದವನ್ನೇ ತಿನ್ನುತ್ತದೆ, ಗೆರೆಯಿದ್ದಲ್ಲಿ ಸೀಳು ಬೀಳುತ್ತದೆ. ಹಚ್ಚಿದಾಗ ಮಂಕಾಗಿರುವ ಗೆರೆ ಗಾಳಿ ತಾಗಿ ಕಪ್ಪಾಗುತ್ತದೆ. ಮಂಕೆಂದು ಅದರ ಮೇಲೆಯೇ ಮತ್ತೆ ತೀಡಬೇಡಿ. ಇದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ನು ಕಟ್ಟಿಕೊಳ್ಳುತ್ತದೆ.

ಲೇಖನಿ: ಹೆಬ್ಬಾತಿನ ರೆಕ್ಕೆಗರಿಯ ಬುಡವನ್ನು ರಾತ್ರಿಯಿಡೀ ನೆನೆಸಿ, ಬಿಸಿ ಮರಳಿನಲ್ಲಿ ಹೂತು ಗಟ್ಟಿ ಮಾಡಿ. ಓರೆಯಾಗಿ ಕತ್ತರಿಸಿ, ತುದಿಯಲ್ಲಿ 5 ಮಿ.ಮೀ. ಸೀಳಿ. ಸೀಳು ಉದ್ದವಾದರೆ ಬಾಯಿ ಬಿಟ್ಟುಕೊಂಡು ಶಾಯಿ ತೊಟ್ಟಿಕ್ಕುತ್ತದೆ. ಉಕ್ಕಿನ ನಿಬ್ಬೂ ನಡೆಯುತ್ತದೆ, ಆದರೆ ಮೇಲ್ಮುಖ ಗೆರೆಯಲ್ಲಿ ಹತ್ತಿಕಾಗದದ ನಾರಿಗೆ ಸಿಕ್ಕಿಕೊಳ್ಳುತ್ತದೆ.

ರಚನೆ: 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಹತ್ತಿಕಾಗದ ಸಾಕು. 30 ಸೆಂ.ಮೀ. ಎತ್ತರದ ಹಾಳೆಯಲ್ಲಿ ಮನುಷ್ಯನಿಗೆ 5–6 ಸೆಂ.ಮೀ. ಕೊಡಿ. ದಿಗಂತ ಕೆಳಗಿರಲಿ, ತಲೆ ಆಕಾಶಕ್ಕೆ ಎದುರಾಗಿ ಎದ್ದು ಕಾಣಬೇಕು. ಮುರಿದ ಮರವೊಂದು ಮೂಲೆಯಿಂದ ಓರೆಯಾಗಿ ಬಾಗಿ, ಆತ ಚಾಚಿದ ಕೈಯ ದಿಕ್ಕನ್ನೇ ಹಿಡಿಯಲಿ. ಇದಿಷ್ಟನ್ನೂ ಇದ್ದಿಲಿನಲ್ಲಿ ತೆಳುವಾಗಿ ಗುರುತಿಸಿ.

ಗೆರೆ: ಮೊದಲು ಮನುಷ್ಯ, ಆಮೇಲೆ ಕಾಡು. ಆತನಿಗೆ ತುಂಡಾಗದ ಗಟ್ಟಿ ಗೆರೆ. ಬಂಡೆಗೆ ಅಲ್ಲಲ್ಲಿ ಕಡಿದ ಕೋನದ ಗೆರೆ. ಎಲೆಗೊಂಚಲಿಗೆ ಕೈ ಎತ್ತದೆ ಸಾಲಾಗಿ 3 ಬರೆದಂತೆ ಸುಳಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಒಂದೊಂದೇ ಎಲೆ ಬಿಡಿಸುತ್ತ ಕೂತರೆ ಸಿಪಾಯಿ ಪೊದೆಯಲ್ಲಿ ಕಳೆದುಹೋಗುತ್ತಾನೆ. ನಿಲುವುಗಳ ಅಭ್ಯಾಸಕ್ಕೆ ರೋಸಾ 1650ರ ದಶಕದಲ್ಲಿ ಎಚ್ಚಿಂಗ್ ಮಾಡಿದ (ಲೋಹದ ತಗಡಿನ ಮೇಲಿನ ಗೆರೆಗಳನ್ನು ಆಮ್ಲದಿಂದ ಕೊರೆಸಿ ಅಚ್ಚೊತ್ತಿದ) ‘ಫಿಗುರೀನೆ’ ಎಂಬ ಸಣ್ಣ ಮನುಷ್ಯಾಕೃತಿಗಳ ಸರಣಿ ನೋಡಿ.

ನೆರಳು: ಒಂದು ದಿನ ಒಣಗಿದ ಮೇಲೆ, ಒಂದು ಪಾಲು ಶಾಯಿಗೆ ಎಂಟು ಪಾಲು ನೀರು ಬೆರೆಸಿ ಕುಂಚದಿಂದ ಹಚ್ಚಿ. ಬೆಳಕು ಬೀಳುವ ಕಡೆ ಕಾಗದವನ್ನು ಹಾಗೇ ಬಿಡಿ. ಬಿಳಿ ಬಣ್ಣ ಬಳಿದು ತಿದ್ದಲು ಹೋದರೆ ಕೊಳಕಾಗುತ್ತದೆ. ಕೊನೆಗೆ ದಟ್ಟ ಶಾಯಿಯ ನಾಲ್ಕೈದು ಚುಕ್ಕೆ ಸಾಕು: ಬಂಡೆಯ ಬಿರುಕಿಗೆ, ಟೊಪ್ಪಿಗೆಯ ಅಂಚಿನಡಿ, ಕಾಲಡಿಯ ನೆಲಕ್ಕೆ.